ನೀರು ಹೊಡೆದವರ ಕೂಲಿ

ರಾಯಚೂರಿನಲ್ಲಿ ಉಮಾದೇವಿಯವರ ಬಾಡಿಗೆ ಮನೆಯ ಉಸ್ತುವಾರಿ ನನ್ನದು. ಮೇ ತಿಂಗಳಲ್ಲಿ ಖಾಲಿ ಮನೆಗೆ ಗಿಲಾವು ಮಾಡಿಸಿ, ಹೊಸ ಸಿಮೆಂಟು ಬಿರಿಯದಂತೆ ಏಳು ದಿನ ಗೋಡೆಗೆ ನೀರು ಹೊಡೆಯಲು ಕೂಲಿಯ ಯಮನಮ್ಮನ ಕೈಗೆ ಕೀಲಿ ಕೊಟ್ಟಿದ್ದೆ.

ಎಂಟನೇ ದಿನ ಮಧ್ಯಾಹ್ನ ನನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆರೆದೆ. ಗೋಡೆ ಮೇಲಿನವರೆಗೂ ತೊಯ್ದು, ಬಾವಿಯ ಒಳಗಿನಂತೆ ತಣ್ಣಗಿತ್ತು. ಒಂದು ಬಿರುಕೂ ಇಲ್ಲ. ಆದರೆ ಬುಡದ ನೆಲದ ಮೇಲೆ ಒಣ ಧೂಳಿತ್ತು.

ಕೂಲಿ ಕೊಡಲು ಹೋದರೆ ಯಮನಮ್ಮ ಕೈ ಚಾಚಲಿಲ್ಲ.

“ತಪ್ಪಾತ್ರಿ ಯಪ್ಪಾ. ಮಗಳ ಹೆರಿಗಿ ಅಂತ ನೀವು ಕೀಲಿ ಕೊಟ್ಟ ದಿನಾನ ಮಾನ್ವಿಗೆ ಹೋದಾಕಿ ಈಗ ಬಂದೀನಿ. ಕೀಲಿ ನನ್ನ ಸೆರಗಿನಾಗ ಅದ.”

ನೀರು ಹೊಡೆದವರು ಯಾರೋ, ಅವರಿಗೆಂದು ಆ ಕೂಲಿಯನ್ನು ಗೋಡೆಯ ಬುಡದಲ್ಲಿಟ್ಟು ಕೈಮುಗಿದು, ಬೀಗ ಹಾಕಿ ಎರಡೂ ಕೀಲಿ ನನ್ನಲ್ಲೇ ಇಟ್ಟುಕೊಂಡೆ.

ಮರುದಿನ ನೋಟುಗಳು ಅಲ್ಲೇ ಇದ್ದವು. ಪೂರ್ತಿ ತೊಯ್ದಿದ್ದವು. ಕೆಳಗಿನ ಧೂಳು ಮಾತ್ರ ಒಣಗಿಯೇ ಇತ್ತು.