ಸಾವಿಲ್ಲದವನ ಹೆಸರು

"ಆಗಲ್ಲ ಮೆರೆರಿದ್! ಬೇರೆ ಏನು ಬೇಕಾದ್ರೂ ಕೇಳು... ಇದೊಂದು ನನ್ನ ಕೈಲಾಗಲ್ಲ."

ಇದ್ವಾಲ್ ಉಳಿ ಕೆಳಗಿಟ್ಟು ಮುಖ ತಿರುಗಿಸಿದ. ಮೂರು ವರ್ಷಗಳ ಮೇಲೆ ಹೆಂಡತಿ ಅವನ ಶೆಡ್ಡಿನ ಬಾಗಿಲಿಗೆ ಬಂದಿದ್ದಳು. ಕೇಳಿದ್ದು ಒಂದೇ ಮಾತು: "ಮಗನ ಸಮಾಧಿ ಮೇಲೆ ಹೆಸರು ಕೆತ್ತಿಕೊಡು."

ವೇಲ್ಸ್‌ನ ಬ್ಲೈನೈ ಫೆಸ್ಟಿನಿಯೋಗ್ ಊರಲ್ಲಿ ಯಾರೇ ಸತ್ತರೂ ಸ್ಲೇಟು ಕಲ್ಲಿನ ಮೇಲೆ ಅವರ ಹೆಸರು ಮೂಡುವುದು ಇದ್ವಾಲ್‌ನ ಕೈಯಿಂದಲೇ. ಸ್ವಂತ ಮಗನ ಕಲ್ಲಿನ ಮೇಲೆ ಮಾತ್ರ ಅವನು ಬರೀ ತಾರೀಖು ಕೆತ್ತಿದ್ದ.

ಹೆಸರು ಆರಿಸಿದವಳು ಅವಳೇ. ಶಾಲೆಯಲ್ಲಿ ವೆಲ್ಷ್ ಕಲಿಸುವ ಮೇಡಮ್ಮಿಗೆ ಹೆಸರುಗಳೆಂದರೆ ಹುಚ್ಚು. ಬಸುರಿಯಾಗಿದ್ದಾಗ ಅವನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಹೇಳಿದ್ದಳು:

"ಎಮ್ರಿಸ್ ಅಂತ ಇಡೋಣ. ಗ್ರೀಕರು ಅಂಬ್ರೋಸಿಯೋಸ್ ಅಂದ್ರು, ರೋಮಿನವರು ಅಂಬ್ರೋಸಿಯುಸ್ ಅಂದ್ರು. ನಮ್ಮೋರ ಬಾಯಲ್ಲಿ ಸವೆದು ಸವೆದು ಎಮ್ರಿಸ್ ಆಯ್ತು. ಇಂಡಿಯಾದ ಅಮೃತ ಅನ್ನೋ ಮಾತೂ ಇದೇ ಬೇರಿಂದ ಬಂದಿದ್ದಂತೆ ಕಣೋ!"

"ಅರ್ಥ ಹೇಳು ತಾಯಿ, ಪಾಠ ಆಮೇಲೆ."

"ಸಾವಿಲ್ಲದವನು."

ಆ ಮಗು ಬದುಕಿದ್ದು ಒಂಬತ್ತೇ ದಿನ...

ಮಣ್ಣು ಮಾಡಿ ಬಂದ ದಿನ ಇದ್ವಾಲ್‌ನ ತಾಯಿ ಚಹಾ ಲೋಟ ಕುಕ್ಕಿ ಅಂದಿದ್ದರು: "ಸಾವಿಲ್ಲದವನಂತೆ! ದೇವರನ್ನ ಕೆಣಕೋ ಹೆಸರಿಟ್ರೆ ಇನ್ನೇನಾಗುತ್ತೆ?" ಇದ್ವಾಲ್ ತುಟಿ ಬಿಚ್ಚಲಿಲ್ಲ. ವಾರದ ಮೇಲೆ ಹೆಸರಿಲ್ಲದ ಕಲ್ಲು ಕಂಡಾಗ ಮೆರೆರಿದ್‌ಳ ಎದೆ ಒಡೆದುಹೋಯಿತು. 'ಇವನೂ ನನ್ನನ್ನೇ ದೂರುತ್ತಿದ್ದಾನೆ!' ಅಂದೇ ಕಾರ್ಡಿಫ್‌ನ ಅಕ್ಕನ ಮನೆಗೆ ಹೊರಟುಬಿಟ್ಟಿದ್ದಳು.

"ಇನ್ನೂ ಕೋಪಾನಾ?" ಈಗ ಶೆಡ್ಡಿನ ಬಾಗಿಲಲ್ಲೇ ನಿಂತು ಕೇಳಿದಳು. "ನಾನಿಟ್ಟ ಹೆಸರೇ ಅವನನ್ನ ಕೊಂದಿದ್ದು ಅಂತ ನೀನೂ ನಂಬಿದ್ದೀಯ ಅಲ್ವಾ?"

"ಏನಂದೆ?" ಇದ್ವಾಲ್ ಬೆಚ್ಚಿ ತಿರುಗಿದ. "ಅಯ್ಯೋ ಹುಚ್ಚಿ... ಹಾಗಂದುಕೊಂಡು ಹೋದ್ಯಾ ನೀನು?"

"ಅತ್ತೆ ಅಂದಾಗ ಸುಮ್ನಿದ್ದೆಯಲ್ಲ!"

"ಅವತ್ತು ನಂಗೆ ಯಾರ ಮಾತೂ ಕೇಳಿಸ್ತಿರಲಿಲ್ಲ. ಕೈಯಲ್ಲಿ ಇನ್ನೂ ಅವನ ಭಾರ ಇತ್ತು ಕಣೇ..." ಅವನು ಕೆಳಗಿಟ್ಟ ಉಳಿಯತ್ತ ಕೈ ತೋರಿಸಿದ. "ಎಷ್ಟು ಸಲ ಉಳಿ ಹಿಡಿದೆ ಗೊತ್ತಾ? ನಾನು ಕೆತ್ತೋದೆಲ್ಲ ಸತ್ತವರ ಹೆಸರು. ಕೆತ್ತಿಬಿಟ್ರೆ ಅವನು ನಿಜವಾಗ್ಲೂ ಸತ್ತ ಅಂತ ನಾನೇ ಒಪ್ಪಿಕೊಂಡ ಹಾಗೆ!"

ಮೆರೆರಿದ್ ಕಲ್ಲಿನ ಪುಡಿಯ ಮೇಲೆಯೇ ಕುಳಿತಳು. ಮೂರು ವರ್ಷ! ಒಂದೇ ದುಃಖವನ್ನು ಇಬ್ಬರೂ ಬೇರೆ ಬೇರೆ ಊರಲ್ಲಿ ಹೊತ್ತಿದ್ದರಲ್ಲ...

ಅವನೂ ಬಂದು ಪಕ್ಕದಲ್ಲಿ ಕುಳಿತ. ಇಬ್ಬರೂ ಬಹಳ ಹೊತ್ತು ಅತ್ತರು.

"ಹೋದ ಭಾನುವಾರ ಒಬ್ಬಳೇ ಸಮಾಧಿಗೆ ಬಂದಿದ್ದೆ. ಚಾಪೆಲ್ಲಿನ ಪ್ರಾರ್ಥನೆಗೆ ಬಂದ ಮಕ್ಕಳು ಕಲ್ಲು ಕಲ್ಲಿನ ಹೆಸರು ಜೋರಾಗಿ ಓದ್ತಿದ್ವು," ಎಂದಳು ಕೊನೆಗೆ. "ನಮ್ಮೋನ ಹತ್ರ ಬಂದಾಗ ಸುಮ್ನಾದ್ವು. ಅವನ ಹೆಸರನ್ನೂ ಯಾರಾದ್ರೂ ಕೂಗಬೇಕು, ಇದ್ವಾಲ್."

ಇದ್ವಾಲ್ ಕಣ್ಣೊರೆಸಿಕೊಂಡು ಎದ್ದ. ಉಳಿ, ಸುತ್ತಿಗೆ ಚೀಲಕ್ಕೆ ಹಾಕಿದ. ಸಮಾಧಿಯವರೆಗೂ ಅವಳ ಕೈ ಬಿಡಲಿಲ್ಲ. ಕಲ್ಲಿನ ಮುಂದೆ ಮಂಡಿಯೂರಿ, ಸೀಮೆಸುಣ್ಣದಲ್ಲಿ E, M, R, Y, S ಎಂದು ಅಕ್ಷರಗಳ ಗುರುತು ಹಾಕಿದ.

"ಸಂಜೆ ಬಸ್ಸಿಗೆ ಹೊರಡ್ತೀಯಾ?" ತಿರುಗಿ ನೋಡದೆಯೇ ಕೇಳಿದ.

"ಐದು ಅಕ್ಷರ... ಸಂಜೆಯೊಳಗೆ ಮುಗಿಯುತ್ತಾ?"

"ಬೇಗ ಬೇಗ ಕೆತ್ತಿದ್ರೆ ಮುಗಿಯುತ್ತೆ."

ಮೆರೆರಿದ್ ಅವನ ಬೆನ್ನಿಗೆ ಕೆನ್ನೆಯೊತ್ತಿದಳು.

"ನಿಧಾನವಾಗಿ ಕೆತ್ತು."