ಗುರುತು ಮುಚ್ಚಿದ ಅರವತ್ತು ನಾಣ್ಯ

ಎದುರಿಗೆ ಕೂತವನು ತನ್ನ ಕಿವಿಯನ್ನೇ ದಿಟ್ಟಿಸುತ್ತಿದ್ದಾನೆಂದು ಖಾತ್ರಿಯಾದ ಮೇಲೆ ಪದ್ಮಜಾ ಪ್ಲಾಸ್ಟರ್ ಕಲಸುವ ಬಟ್ಟಲನ್ನು ಠಪ್ಪನೆ ಕೆಳಗಿಟ್ಟಳು.

“ಇವನ ಕಣ್ಣಿಗೆ ಒಂದು ಚಮಚ ಪ್ಲಾಸ್ಟರ್ ಹಾಕ್ಬೇಕು,” ಎಂದು ಗೊಣಗಿದಳು. ಮ್ಯಾನ್‌ಹಟನ್ನಿನ ಮ್ಯೂಸಿಯಮ್ಮಿನ ನಾಣ್ಯ ವಿಭಾಗದಲ್ಲಿ ಕನ್ನಡ ಯಾರಿಗೆ ಬರಬೇಕು?

“ಹಾಕ್ರಿ. ಆದ್ರ ಈ ನಾಣ್ಯದಾಗಿನ ದೇವಿ ಕಿವಿ ಒಮ್ಮೆ ನೋಡಿ ಹಾಕ್ರಿ. ಥೇಟ್ ನಿಮ್ಮದ ಅದ.”

ಅವಳ ಕಿವಿ ಬಿಸಿಯಾಯಿತು. ಅದನ್ನೂ ಅವನು ಗಮನಿಸಿದ.

ಅದು 1973ರ ಅಕ್ಟೋಬರ್. ಅವನು ಜಯತೀರ್ಥ, ಧಾರವಾಡದವನು. ರೋಮನ್ ಬೆಳ್ಳಿ ನಾಣ್ಯಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ. ಪದ್ಮಜಾ ಹ್ಯಾರಿಸನ್ ಎಂಬ ಊರಿನಲ್ಲಿದ್ದ ತನ್ನ ಅಕ್ಕನ ಮನೆಯಿಂದ ರೈಲಿನಲ್ಲಿ ಬಂದು ಅವೇ ನಾಣ್ಯಗಳ ಪ್ಲಾಸ್ಟರ್ ಪ್ರತಿ ಮಾಡುತ್ತಿದ್ದಳು.

ನಾಣ್ಯಗಳಲ್ಲಿ ದೇವಿಯ ತಲೆಯ ಹಿಂದೆ ಒಂದು ಪುಟ್ಟ ಗುರುತು: ಕೊಡಲಿ, ಲಂಗರು, ಏಡಿ, ಇರುವೆ. ಉಪಕರಣದ ಗುರುತಿದ್ದವೆಲ್ಲ ಒಬ್ಬ ಕೆತ್ತನೆಗಾರನ ಕೈ, ಪ್ರಾಣಿಯ ಗುರುತಿದ್ದವು ಇನ್ನೊಬ್ಬನ ಕೈ ಎಂಬುದು ಅವನ ಪ್ರಬಂಧದ ವಾದ.

“ಕೊಡಲಿ ಅಣ್ಣ ಕಿವಿ ದ್ರಾಕ್ಷಿ ಹಂಗ ದುಂಡಗ ಕೆತ್ತತಾನ. ಏಡಿ ಅಣ್ಣಗ ಅವಸರ.”

“ನಿಮಗೆ?”

“ನನಗೂ ಅವಸರ ಅದರಿ,” ಎಂದು ಅವನು ಭೂತಗನ್ನಡಿಯ ಆಚೆಯಿಂದ ಅವಳನ್ನು ನೋಡಿದ. ಆ ಗಾಜಿನಲ್ಲಿ ಅವನ ಒಂದೇ ಕಣ್ಣು, ಬಟ್ಟಲಷ್ಟು ದೊಡ್ಡದಾಗಿ ಕಂಡಿತು. ಅವಳು ನಕ್ಕುಬಿಟ್ಟಳು.

ಅವಸರಕ್ಕೆ ಕಾರಣವಿತ್ತು. ಮೇ ತಿಂಗಳಲ್ಲಿ ವೈವಾ. ಪಾಸಾದರೆ ಓಹಿಯೋದ ಕಾಲೇಜಿನಲ್ಲಿ ಕೆಲಸ. ಚಳಿಗಾಲದ ಹೊತ್ತಿಗೆ ಇಬ್ಬರೂ ಮದುವೆಯ ಮಾತಾಡಿದ್ದರು; ಕೆಲಸ ಸಿಕ್ಕರೆ ಮಾತ್ರ ಎಂದು ಮೈಸೂರಿನಿಂದ ಅವಳ ಅಪ್ಪ ಬರೆದಿದ್ದರು. ಇಲ್ಲದಿದ್ದರೆ ಜುಲೈಗೆ ಅವನ ವೀಸಾ ಮುಗಿಯುತ್ತಿತ್ತು.

ಏಪ್ರಿಲ್‌ನಲ್ಲಿ ಆಟ ಹೂಡಿದವಳು ಅವಳೇ. ಅರವತ್ತು ಪ್ರತಿಗಳ ಗುರುತಿನ ಮೇಲೆ ಪುಟ್ಟ ಕಾಗದ ಅಂಟಿಸಿ ಕಲೆಸಿಟ್ಟಳು.

“ಬರೀ ಕಿವಿ, ಕೂದಲು ನೋಡಿ ಯಾರ ಕೈ ಅಂತ ಹೇಳಿ. ಸೋತವರು ಕಾಫಿ ಕೊಡಿಸ್ಬೇಕು.”

“ಪರ್ಸ್ ತಂದೀರಿಲ್ಲೋ?”

ಅವನು ಗೆಲ್ಲುತ್ತಾನೆಂಬ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಲವತ್ತು ನಿಮಿಷದಲ್ಲಿ ಅವನು ಎರಡು ಸಾಲು ಜೋಡಿಸಿದ. ಅವಳು ಕಾಗದ ಕೀಳತೊಡಗಿದಳು. ಹತ್ತನೆಯದಕ್ಕೆ ಇಬ್ಬರ ನಗುವೂ ನಿಂತಿತು.

ಅರವತ್ತರಲ್ಲಿ ಇಪ್ಪತ್ತೊಂಬತ್ತು ತಪ್ಪು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಐದು ವರ್ಷ ಅವನು ಮೊದಲು ಗುರುತು ನೋಡಿ, ಆಮೇಲೆ ಅದಕ್ಕೆ ತಕ್ಕ ಕೈ ಕಂಡಿದ್ದ.

“ಯಾರಿಗೂ ಹೇಳೋದು ಬೇಡ,” ಎಂದಳು. “ಪ್ರೊಫೆಸರ್ ಕೂಡ ಹೀಗೆ ನೋಡಿಲ್ಲ. ನೋಡಿರೋದು ನಾನೊಬ್ಬಳೇ.”

“ಹೂಂ,” ಎಂದ ಜಯತೀರ್ಥ. “ನೀವು ನೋಡೀರಲ್ಲ.”

ಸೋಮವಾರ ಅವನು ಪ್ರಬಂಧ ಹಿಂತೆಗೆದುಕೊಂಡ. ಬೇರೆ ವಿಷಯ ಹಿಡಿಯಲು ಫೆಲೋಶಿಪ್ ಉಳಿದಿರಲಿಲ್ಲ.

ಜುಲೈನಲ್ಲಿ, ಊರಿಗೆ ಹೊರಟವನು ವಿದಾಯ ಹೇಳಲು ಬಂದಿದ್ದಾಗ, ಹ್ಯಾರಿಸನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಅವಳು ಹೇಳಿಯೇಬಿಟ್ಟಳು. “ನಾನೂ ಧಾರವಾಡಕ್ಕೆ ಬರ್ತೀನಿ. ಅಪ್ಪ ಏನಾದರೂ ಅಂದುಕೊಳ್ಳಲಿ.”

“ನನ್ನ ನೋಡಿದಾಗೆಲ್ಲ ನಿಮಗ ಆ ಆಟ ನೆನಪಾಗ್ತದ. ಈಗೂ ಆಗ್ಯದ, ಮುಖದಾಗ ಕಾಣಸ್ತದ. ನನ್ನಿಂದ ದಿನಾ ಆ ಮುಖ ನೋಡ್ಲಿಕ್ಕೆ ಆಗೂದಿಲ್ರಿ.”

ಇಲ್ಲ ಎನ್ನಲು ಅವಳು ಬಾಯಿ ತೆರೆದಳು. ಸುಳ್ಳು ಹೊರಡಲಿಲ್ಲ. ರೈಲು ಬಂತು. ಅವನು ಅವಳ ಬೆರಳುಗಳನ್ನು ಒಮ್ಮೆ ಹಿಡಿದು, ಬಿಟ್ಟು, ಹತ್ತಿದ. ಬಾಗಿಲು ಮುಚ್ಚಿತು.

ಮರುವರ್ಷ ಫೆಬ್ರವರಿಯಲ್ಲಿ ನಾಣ್ಯಶಾಸ್ತ್ರದ ಒಂದು ತೆಳ್ಳಗಿನ ಪತ್ರಿಕೆ ಅಂಚೆಯಲ್ಲಿ ಬಂತು. ಅಕ್ಕ ಪ್ರಭಾ ಅದನ್ನು ಬಿಡಿಸಿ ನೋಡಿದಳು.

“ಏನೇ ಇದು, ಎರಡೇ ಪುಟದ ಲೇಖನ! ಗುರುತಿನಿಂದ ಕೆತ್ತನೆಗಾರನನ್ನು ಹೇಳೋಕಾಗಲ್ಲ ಅಂತ ಬರೆದಿದೆ. ನಿನ್ನ ಹೆಸರು ಮೊದಲು ಹಾಕಿದ್ದಾರೆ, ಅವರದು ಆಮೇಲೆ.”

ಪದ್ಮಜಾ ಒದ್ದೆ ಕೈ ಒರೆಸಿಕೊಂಡು ಬಂದು ನೋಡಿದಳು. ಪದ್ಮಜಾ, ಜಯತೀರ್ಥ. ಎರಡು ಹೆಸರೂ ಒಂದೇ ಸಾಲಿನಲ್ಲಿ ಅಚ್ಚಾಗಿದ್ದವು. ಇನ್ನು ಲಗ್ನಪತ್ರಿಕೆಯಲ್ಲಾಗಲಿ ಬೇರೆಲ್ಲಾಗಲಿ ಅಚ್ಚಾಗುವಂತಿರಲಿಲ್ಲ.