ಬದುವಿನಾಚೆಯ ಈರುಳ್ಳಿ ಹೂವು

ಜೇನುಪೆಟ್ಟಿಗೆಗಳನ್ನು ತಂದು ನನ್ನ ಹೊಲದ ಬದುವಿನ ಮೇಲೆ ಇಟ್ಟ ದಿನ ಚಂದ್ರುವಿನ ಮುಖ ನೋಡಬೇಕಿತ್ತು. ಮದುವೆಮನೆಗೆ ಉಡುಗೊರೆ ತಂದವನ ಹಾಗೆ ನಿಂತಿದ್ದ.

"ಶೋಭಾರಾಣಿಯವ್ರೇ, ನಿಮ್ಮ ಈರುಳ್ಳಿ ಹೂ ಅರಳ್ಲಿ, ಆಮೇಲೆ ನೋಡ್ರಿ ಬೀಜ ಹೆಂಗೆ ಕಟ್ತಾವೆ ಅಂತ!"

"ಹೂಂ" ಅಂದೆ. ಒಂದು ಥ್ಯಾಂಕ್ಸ್ ಹೇಳಬೇಕಿತ್ತು ಅನ್ನುವುದು ನೆನಪಾಗಿದ್ದು ಅವನು ಹೋದ ಮೇಲೆ.

ನಮ್ಮೂರು ಯಲ್ಲದಕೆರೆ ಪೂರ್ತಿ ನನ್ನನ್ನು ಶೋಭಕ್ಕ ಅನ್ನುತ್ತದೆ, ನನಗಿಂತ ದೊಡ್ಡವರೂ ಸೇರಿ. ಪಕ್ಕದ ಹೊಲದ ಚಂದ್ರು ಮಾತ್ರ 'ಅಕ್ಕ' ಸೇರಿಸುವುದಿಲ್ಲ. ಯಾಕೆಂದು ನನಗೆ ಗೊತ್ತು. ಗೊತ್ತಿದ್ದೂ ಏನೂ ಅನ್ನಿಸುವುದಿಲ್ಲ. ಗಂಡ ನಾಗರಾಜ್ ಬೈಕ್ ಆಕ್ಸಿಡೆಂಟಿನಲ್ಲಿ ಹೋದ ಮೇಲೆ ನಾನು ಹೀಗೆಯೇ. ಅಳು ನಿಂತಾಗ ನಗು, ಸಿಟ್ಟು ಎಲ್ಲವೂ ಅದರ ಜೊತೆಗೇ ನಿಂತುಹೋದವು. ಟೀಗೆ ಸಕ್ಕರೆ ಹಾಕಿದ್ದೇನೋ ಇಲ್ಲವೋ ಎಂದೂ ತಿಳಿಯುವುದಿಲ್ಲ. ಕುಡಿದು ಲೋಟ ತೊಳೆದಿಡುತ್ತೇನೆ.

ಆದರೂ ಕೆಲಸ ನಡೆಯುತ್ತದೆ. ನಮ್ಮ ಹೆಂಗಸರ ಸಂಘ ಮೊದಲೆಲ್ಲ ಈರುಳ್ಳಿ ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸುತ್ತಲಿನ ಸಣ್ಣ ರೈತರಿಗೆ ಕೊಡುತ್ತಿತ್ತು. ಈ ವರ್ಷ ಅದು ಕಂಪನಿಯಾಗಿದೆ. ಹಿರಿಯೂರಿನ ಕೃಷಿ ಇಲಾಖೆಯ ನಾಜಿಮಾ ಮೇಡಂ ಓಡಾಡಿ ರಿಜಿಸ್ಟ್ರೇಷನ್ ಮಾಡಿಸಿದರು, ಲೈಸೆನ್ಸ್ ಕೊಡಿಸಿದರು. ನನ್ನ ಹೊಲದ ಬೀಜವೇ ಕಂಪನಿಯ ಮೊದಲ ಮಾಲು. ಅದು ಸರ್ಕಾರದ ತಪಾಸಣೆಯಲ್ಲಿ ಫೇಲಾದರೆ ಈ ವರ್ಷ ಮಾರಲು ಏನೂ ಇಲ್ಲ, ಮುಂದೆ ನಮ್ಮನ್ನು ನಂಬುವವರೂ ಇಲ್ಲ.

ಮರುದಿನ ಮೇಡಂ ಬಂದರು. ಪೆಟ್ಟಿಗೆ ನೋಡಿ ಖುಷಿಪಟ್ಟರು. ಬದು ಹತ್ತಿ ಆಚೆ ನೋಡಿದ್ದೇ ಹಣೆ ಹಿಡಿದುಕೊಂಡರು.

"ಶೋಭಾ, ಅಲ್ಲಿ ಬೆಳ್ಳಗೆ ಅರಳಿರೋದು ಏನಮ್ಮ?"

"ಚಂದ್ರು ಅವ್ರ ನಾಟಿ ಈರುಳ್ಳಿ ಮೇಡಂ. ಅವ್ರ ಅಜ್ಜಿ ಕಾಲದ ತಳಿ. ಬೀಜಕ್ಕೆ ಅಂತ ಬಿಟ್ಟವ್ರೆ."

"ಆ ಹೂವಿಂದ ಜೇನು ನಿನ್ನ ಹೂವಿಗೆ ಬಂದ್ರೆ ಎರಡೂ ತಳಿ ಬೆರೆತುಹೋಗುತ್ತೆ. ಬೀಜದ ಹೊಲದ ಹತ್ರ ಬೇರೆ ಈರುಳ್ಳಿ ಹೂ ಇರಂಗೇ ಇಲ್ಲ. ಸೋಮವಾರ ಇನ್ಸ್‌ಪೆಕ್ಟರ್ ಬರ್ತಾರೆ, ನೋಡಿದ್ರೆ ರಿಜೆಕ್ಟ್. ನಿಂದು ಇನ್ನೂ ಅರಳಿಲ್ಲ, ಅದೇ ಪುಣ್ಯ."

ನಮ್ಮೂರಲ್ಲಿ ಎಲ್ಲರ ಹೂವೂ ಅಕ್ಕಪಕ್ಕದಲ್ಲೇ ಅರಳುತ್ತದೆ. ಅದರಲ್ಲಿ ತಪ್ಪಿದೆಯೆಂದು ಚಂದ್ರುವಿಗಿರಲಿ, ನನಗೂ ಹೊಳೆದಿರಲಿಲ್ಲ.

ಚಂದ್ರು ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮೇಡಂ ಹೋದ ಮೇಲೆ ಹತ್ತಿರ ಬಂದ.

"ಉಪಕಾರ ಮಾಡಾಕೆ ಹೋಗಿ ಹಿಂಗ್ ಮಾಡ್ಬಿಟ್ಟೆ. ಬೈಯ್ರಿ ನನ್ನ."

"ಬಿಡ್ರಿ, ಗೊತ್ತಿಲ್ದೆ ಆತು."

"ಒಂದು ಮಾತಾದ್ರೂ ಬೈಯ್ರಿ."

ಸಿಟ್ಟು ಬರಬೇಕಿತ್ತು. ಹುಡುಕಿದೆ, ಸಿಗಲಿಲ್ಲ. ಅವನು ತಲೆ ತಗ್ಗಿಸಿದ. ಸಂಜೆ ಜೇನು ಗೂಡು ಸೇರಿದ ಮೇಲೆ ಪೆಟ್ಟಿಗೆಗಳನ್ನು ಸಾಗಿಸಿಕೊಂಡು ಹೋದ.

ಬೆಳಿಗ್ಗೆ ಹೊಲಕ್ಕೆ ಹೋದರೆ ಅವನು ಕುಡುಗೋಲು ಹಿಡಿದು ತನ್ನ ಹೂಗಳನ್ನೇ ಕೊಯ್ಯುತ್ತಿದ್ದ. ಒಂದೇ ಒಂದು ಮಡಿಯ ಹೂ ಉಳಿದಿತ್ತು.

"ಎಲ್ಲಾ ಕೊಯ್ದ್ರೆ ಮುಂದಿನ ವರ್ಷ ಬಿತ್ತಾಕೆ?"

"ನಿಮ್ಮ ಕಂಪನಿ ಪಾಕೀಟು ತಗಂತೀನಿ ಬಿಡ್ರಿ."

ನಗಲು ನೋಡಿದ, ಆಗಲಿಲ್ಲ.

"ನಿಮ್ಮ ಅಜ್ಜಿ ತಳಿ ಇವತ್ತಿಗೆ ಮುಗೀತೈತಲ್ರಿ. ಯಾಕೆ ಹಿಂಗ್ ಮಾಡ್ತೀರಿ?"

"ಗೊತ್ತಿದ್ದೂ ಕೇಳ್ತೀರಲ್ಲ. ನಿಮ್ಮನ್ನ ಕಂಡ್ರೆ ನಂಗೆ ಇಷ್ಟ. ಉತ್ರ ಏನೂ ಬ್ಯಾಡ. ನಿಮ್ಗೇನೂ ಅನ್ಸಲ್ಲ ಅಂಬೋದೂ ಗೊತ್ತೈತೆ."

ಅವನು ಮತ್ತೆ ಬಗ್ಗಿದ. ನನ್ನ ಎದೆಯೊಳಗೆ ಎಲ್ಲೋ ನೋವಾಯಿತು. ಜೋಮು ಹಿಡಿದ ಕಾಲು ನೆಲಕ್ಕೆ ಊರಿದಾಗ ಆಗುತ್ತದಲ್ಲ, ಅಂಥದ್ದು.

"ಕುಡುಗೋಲು ಕೆಳಗಿಡ್ರಿ!"

ಕಿರುಚಿದ್ದು ನಾನೇ. ಚಂದ್ರು ಕುಡುಗೋಲು ಬಿಟ್ಟೇಬಿಟ್ಟ.

ಅಲ್ಲೇ ನಿಂತು ಮೇಡಂಗೆ ಫೋನ್ ಮಾಡಿ, ಆ ಒಂದು ಮಡಿಯನ್ನಾದರೂ ಉಳಿಸಿಕೊಳ್ಳಬಹುದೇ ಎಂದು ಕೇಳಿದೆ. "ಒಂದು ಜೇನೂ ಹೋಗದಂಗೆ ಮುಚ್ಚಿದ್ರೆ ಆಯ್ತು, ಇನ್ಸ್‌ಪೆಕ್ಟರ್ ಹತ್ರ ನಾನು ಮಾತಾಡ್ತೀನಿ" ಎಂದರು. ಮನೆಗೆ ಹೋಗಿ ಟ್ರಂಕು ತೆಗೆದೆ. ಮದುವೆಯಲ್ಲಿ ತವರಿನವರು ಕೊಟ್ಟ ಜೋಡಿ ಮಂಚದ ಸೊಳ್ಳೆಪರದೆ ತಳದಲ್ಲಿತ್ತು. ನಾಗರಾಜ್ ಹೋದ ಮೇಲೆ ಅದನ್ನು ಬಿಚ್ಚಿರಲಿಲ್ಲ.

ಕೋಲು ನೆಟ್ಟು ಪರದೆ ಹೊದಿಸುವಾಗ ಅದರ ಅಗಲ ನೋಡಿ, ಅದು ಯಾವ ಪರದೆಯೆಂದು ಚಂದ್ರುವಿಗೆ ಅರ್ಥವಾಯಿತು. ಅವನ ಕೈ ನಿಂತಿತು.

"ಇದು..."

"ಹೌದು. ಆ ತುದಿ ಹಿಡ್ಕಳ್ರಿ."

ಹಿಡಿದ. "ಜೇನಿಲ್ದೆ ಇದ್ರೊಳಗೆ ಬೀಜ ಕಟ್ಟಲ್ವಲ್ರಿ?" ಎಂದ.

"ಕೈಯಾಗೆ ಸವರ್ಬೇಕು, ಹೂವಿಂದ ಹೂವಿಗೆ. ದಿನಾ ಬೆಳಿಗ್ಗೆ, ಹೂ ಮುಗಿಯೋ ತಂಕ."

"ನಂಗೆ ಬರಲ್ಲ."

"ನಂಗೆ ಬರ್ತೈತೆ."

"ಹಂಗಾದ್ರೆ ದಿನಾ ಬರ್ತೀರಾ?"

ಪರದೆಯ ಅಂಚೆತ್ತಿ ಒಳಗೆ ಹೋಗಿ ಕುಳಿತೆ. ಹೂವಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು, ಇಬ್ಬನಿ ಇನ್ನೂ ಆರಿರಲಿಲ್ಲ. ಅವನು ಉತ್ತರಕ್ಕೆ ಕಾಯುತ್ತ ಹೊರಗೇ ನಿಂತಿದ್ದ.

"ಒಳಗೆ ಬರ್ರಿ ಚಂದ್ರು," ಎಂದೆ. "ಜೇನು ಬರೋದ್ರೊಳಗೆ ಪರದೆ ಮುಚ್ಚಬೇಕು."